ಬಾಯ್ಲರ್ ಸರ್ ಕಟ್ಟಿದ ಕ್ಯೂ

ತಳೇಗಾಂವ ದಾಭಾಡೆಯ ಆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಬಾಯ್ಲರ್ ತೀರಿಕೊಂಡದ್ದು ಒಂದು ಸೋಮವಾರ. ತೀರಿಕೊಂಡಿತು ಎಂದರೆ ಒಡೆಯಲಿಲ್ಲ. ಇಪ್ಪತ್ತೆರಡು ವರ್ಷ ಅದು ಒಡೆಯದ ಹಾಗೆ ಮಹದೇವಪ್ಪ ಅಂಗಡಿಯವರು ನೋಡಿಕೊಂಡಿದ್ದರು. ನಾಲ್ಕು ಆಳುಗಳು ಬಂದು ಬಿಚ್ಚಿ, ಟೆಂಪೋಗೆ ಹೇರಿ, ಗುಜರಿಗೆ ಒಯ್ದರು. ಅದು ನಿಂತಿದ್ದ ಜಾಗಕ್ಕೆ ಟೈಲ್ಸ್ ಹಾಕಿಸಿ, ಎಸಿ ಕೂರಿಸಿ, ಬಾಗಿಲ ಮೇಲೆ ‘ಕಂಪ್ಯೂಟರ್ ಆರ್ಕಿಟೆಕ್ಚರ್ ಲ್ಯಾಬ್’ ಎಂಬ ಬೋರ್ಡು ಹೊಡೆದರು. ಮಹದೇವಪ್ಪನವರು ಟೆಂಪೋ ಗೇಟು ದಾಟುವ ತನಕ ನಿಂತು ನೋಡಿದರು, ಆಮೇಲೆ ಕ್ಲಾಸಿಗೆ ಹೋದರು. ಕ್ಲಾಸಿನಲ್ಲಿ ಮೂವರಿದ್ದರು.

ಮೆಕ್ಯಾನಿಕಲ್ ವಿಭಾಗಕ್ಕೆ ಹುಡುಗರು ಬರುವುದು ನಿಂತು ಎರಡು ಮೂರು ವರ್ಷವಾಗಿತ್ತು. ಎಲ್ಲರಿಗೂ ಕಂಪ್ಯೂಟರೇ ಬೇಕು. ಆ ವರ್ಷವಂತೂ ಸೇರಿದ ಹುಡುಗರಿಗಿಂತ ವಿಭಾಗದ ಲೇತ್ ಯಂತ್ರಗಳೇ ಹೆಚ್ಚಿದ್ದವು. ಆಡಳಿತ ಮಂಡಳಿಯವರಿಗೆ ಓದು ಬರಹದ ವಿಷಯ ಹೆಚ್ಚು ತಿಳಿಯದಿದ್ದರೂ ಗಿರಾಕಿ ಎತ್ತ ಹೋಗುತ್ತಾನೆ ಎಂಬುದು ಚೆನ್ನಾಗಿ ತಿಳಿಯುತ್ತಿತ್ತು. ಅವರು ವಿಭಾಗವನ್ನು ಮುಚ್ಚುವುದೆಂದು ತೀರ್ಮಾನಿಸಿ, ಉಳಿದ ಮಾಸ್ತರರಿಗೆ ಒಂದು ದಾರಿ ತೋರಿಸಿದರು. ಕಂಪ್ಯೂಟರ್ ವಿಭಾಗದ ಎರಡನೇ ವರ್ಷದ ಹುಡುಗರ ಜೊತೆ ಒಂದು ಸೆಮಿಸ್ಟರ್ ಕೂತು ‘ಕಂಪ್ಯೂಟರ್ ಆರ್ಕಿಟೆಕ್ಚರ್’ ಓದಬೇಕು, ಪರೀಕ್ಷೆ ಬರೆಯಬೇಕು, ಲ್ಯಾಬಿನಲ್ಲಿ ಸ್ವಂತದ್ದೊಂದು ಹಾರ್ಡ್‌ವೇರ್ ಕಟ್ಟಿ ತೋರಿಸಬೇಕು. ಪಾಸಾದರೆ ಮುಂದಿನ ವರ್ಷದಿಂದ ಅದನ್ನೇ ಕಲಿಸಬಹುದು. ಆಗದಿದ್ದರೆ ಮೇ ಕೊನೆಗೆ ಶಾಲು, ಹಾರ, ನಮಸ್ಕಾರ.

ಒಬ್ಬ ಮಾಸ್ತರರು ಇದನ್ನು ಕೇಳಿದ ವಾರದಲ್ಲೇ ಶಿರೂರಿಗೆ ಹೋಗಿ ಟ್ಯೂಷನ್ ಕ್ಲಾಸು ತೆರೆದರು. ಇನ್ನೊಬ್ಬರು ಷಷ್ಟ್ಯಬ್ದಿಗೆ ಹೇಗೂ ಒಂದೇ ವರ್ಷವಿದೆಯೆಂದು ಮನೆಯ ದಾರಿ ಹಿಡಿದರು. ಮಹದೇವಪ್ಪನವರಿಗೆ ನಲವತ್ತೊಂಬತ್ತು. ಯೆರವಡಾದಲ್ಲಿ ಅರ್ಧ ಸಾಲದ ಮನೆ, ಫಾರ್ಮಸಿ ಓದುತ್ತಿರುವ ಮಗಳು, ಬಾಯ್ಲರ್ ಬಿಟ್ಟು ಬೇರೆ ಯಾವುದರ ಮೇಲೂ ಅಧಿಕಾರವಾಣಿಯಿಂದ ಮಾತಾಡಲು ಬಾರದ ನಾಲಿಗೆ. ಈ ವಯಸ್ಸಿನಲ್ಲಿ ಬಾಯ್ಲರ್ ಮಾಸ್ತರನನ್ನು ಹುಡುಕಿಕೊಂಡು ಬರುವವರು ಪುಣೆಯಲ್ಲಿ ಯಾರೂ ಇರಲಿಲ್ಲ. ಅವರು ಹೊಸ ಬ್ಯಾಗು ಕೊಂಡರು.

ಅವರ ತಂದೆ ಫಕೀರಪ್ಪ ಬೈಲಹೊಂಗಲ ಕಡೆಯಿಂದ ಬಂದು ಯೆರವಡಾದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಗ ತಕ್ಕಡಿ ಬಿಟ್ಟು ಇಂಜಿನಿಯರಿಂಗ್ ಓದಿದರೂ ತಕ್ಕಡಿಯ ಗುಣ ಬಿಟ್ಟಿರಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಒಬ್ಬ ಹುಡುಗನಿಗೂ ಅವರು ಗ್ರೇಸ್ ಮಾರ್ಕ್ಸ್ ಹಾಕಿದವರಲ್ಲ. ಆ ಶಬ್ದ ಕಿವಿಗೆ ಬಿದ್ದರೆ ಹಾಗಲಕಾಯಿ ಕಚ್ಚಿದವರ ಮುಖ ಮಾಡುತ್ತಿದ್ದರು. ಹುಡುಗರು ಹಿಂದಿನಿಂದ ಅವರನ್ನು ‘ಬಾಯ್ಲರ್ ಸರ್’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬಿರುದೆಂದೇ ತಿಳಿದಿದ್ದರು.

ಆರ್ಕಿಟೆಕ್ಚರ್ ಕಲಿಸುವವಳು ನೀತಾ ಪಾಟೀಲ. ಬೆಳಗಾವಿ ಕಡೆಯ ಮನೆತನ, ಬೆಳೆದದ್ದು ಪುಣೆ, ಓದಿದ್ದು ಇದೇ ಕಾಲೇಜು. ಮೊದಲ ವರ್ಷ ಅವಳಿಗೆ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವರು ಮಹದೇವಪ್ಪನವರೇ, ಅದರಲ್ಲಿ ಅವಳನ್ನು ಫೇಲ್ ಮಾಡಿದವರೂ ಅವರೇ. ಯಂತ್ರವೊಂದನ್ನು ಎಡದಿಂದ ನೋಡಿ ಬರೆಯಿರಿ ಎಂದರೆ ಬಲದಿಂದ ನೋಡಿ ಬರೆದಿದ್ದಳು.

ಮೊದಲ ದಿನ ನೀತಾ ಕ್ಲಾಸಿಗೆ ಬಂದಾಗ ಹುಡುಗರು ಸೋಮಾರಿತನದಿಂದ ಅರ್ಧ ಎದ್ದು ಅರ್ಧ ಕೂತರು. ಮೊದಲ ಬೆಂಚಿನಲ್ಲಿದ್ದ ಮಹದೇವಪ್ಪನವರು ಮಾತ್ರ ನೆಟ್ಟಗೆ ಎದ್ದು ನಿಂತರು. ಅವರನ್ನು ಕಂಡು ನೀತಾ ಕುರ್ಚಿಯ ಹತ್ತಿರ ಹೋದವಳು ಅಲ್ಲೇ ನಿಂತಳು.

“ಸರ್, ಕೂಡ್ರಿ,” ಎಂದಳು.

“ಮೊದಲ ನೀವು ಕೂಡ್ರಿ ಮೇಡಂ.”

“ನೀವು ನಿಂತಾಗ ನಾ ಹ್ಯಾಂಗ ಕೂಡ್ಲಿ ಸರ್?”

“ಟೀಚರ್ ನಿಂತಾಗ ಸ್ಟೂಡೆಂಟ್ ಕೂಡೂ ಪದ್ಧತಿ ನಮ್ಮಲ್ಲಿಲ್ಲ.”

ಕನ್ನಡ ಬಾರದ ಅರವತ್ತು ಹುಡುಗರು ಇದನ್ನು ನೋಡಿದರು. ವಿಷಯ ಏನೆಂದು ತಿಳಿಯದಿದ್ದರೂ ಇಬ್ಬರು ದೊಡ್ಡವರು ನಿಂತಿರುವಾಗ ತಾವು ಕೂರುವುದು ಅಪಾಯವೆಂದು ಅನಿಸಿ ಒಬ್ಬೊಬ್ಬರಾಗಿ ಎದ್ದರು. ಪ್ರೊಸೆಸರ್ ಎಂದರೇನು ಎಂಬುದನ್ನು ಆ ವರ್ಷದ ತಂಡ ನಿಂತುಕೊಂಡೇ ಕಲಿಯಿತು.

ಕಲಿಕೆ ಸಲೀಸಾಗಿರಲಿಲ್ಲ. ಸೊನ್ನೆ ಒಂದರ ಲೆಕ್ಕ ಅವರಿಗೆ ಬೇಗ ಹತ್ತಿತು. ಅಂಗಡಿಯಲ್ಲಿ ಬೆಳೆದವರಿಗೆ ಲೆಕ್ಕ ಯಾವ ವೇಷದಲ್ಲಿ ಬಂದರೂ ಗುರುತು ಸಿಗುತ್ತದೆ. ತೊಂದರೆ ಬೇರೆಯದು. ಬಾಯ್ಲರ್ ಬಿಸಿಯಾಗುತ್ತದೆ, ಗುಡುಗುತ್ತದೆ, ಸ್ಪ್ಯಾನರಿನಿಂದ ಬಡಿದರೆ ಉತ್ತರ ಕೊಡುತ್ತದೆ. ಈ ಪ್ರೊಸೆಸರ್ ಉಗುರಿನಷ್ಟು ಇರುತ್ತದಂತೆ, ಅದರೊಳಗೆ ಏನೂ ಅಲುಗುವುದಿಲ್ಲವಂತೆ, ಆದರೂ ಗಡಿಯಾರದ ಒಂದೊಂದು ಬಡಿತಕ್ಕೂ ಎಲ್ಲ ಕಡೆ ಒಟ್ಟಿಗೆ ಕೆಲಸ ನಡೆಯುತ್ತದಂತೆ. “ಒಳಗ ಒತ್ತಡ ಎಲ್ಲಿಂದ ಬರ್ತದ್ರಿ ಮೇಡಂ?” ಎಂದು ಒಮ್ಮೆ ಕೇಳಿದರು. ಒತ್ತಡವೇ ಇಲ್ಲ ಎಂದಾಗ ಇಡೀ ದಿನ ಅಸಮಾಧಾನದಿಂದಿದ್ದರು. ಒತ್ತಡವಿಲ್ಲದೆ ಕೆಲಸ ಮಾಡುವುದು ಯಾವುದೂ ಅವರ ಅನುಭವದಲ್ಲಿ ಇರಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದವಳು ಪೂರ್ವಾ ಎಂಬ ಹುಡುಗಿ. ಹತ್ತೊಂಬತ್ತು ವರ್ಷ, ಬಾಯಲ್ಲಿ ಸದಾ ಚೂಯಿಂಗ್ ಗಮ್, ಮಾತೆಲ್ಲ ಮರಾಠಿ. ಸರ್ ಪಕ್ಕ ಕೂರಲು ಯಾರೂ ಒಪ್ಪದೆ ಇದ್ದಾಗ, ತಡವಾಗಿ ಬಂದ ತಪ್ಪಿಗೆ ಅವಳಿಗೆ ಆ ಜಾಗ ಸಿಕ್ಕಿತ್ತು. ಮೊದಲ ವಾರ ಗಮ್ ಅಗಿಯುವುದನ್ನು ಬಿಟ್ಟಳು, ಎರಡನೇ ವಾರ ಮತ್ತೆ ಶುರು ಮಾಡಿದಳು, ಮೂರನೇ ವಾರ ಅವರಿಗೂ ಒಂದು ಕೊಟ್ಟಳು. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ಫೆಬ್ರುವರಿಯಲ್ಲಿ ‘ಪೈಪ್‌ಲೈನ್’ ಬಂತು. ಹೆಸರು ಕೇಳಿ ಮಹದೇವಪ್ಪನವರಿಗೆ ಜೀವ ಬಂತು. ಒಳಗೆ ಪೈಪಿಲ್ಲವೆಂದು ತಿಳಿದಾಗ ಬಂದ ಜೀವ ಹೋಯಿತು. ಆದರೂ ವಿಷಯ ಮನಸ್ಸಿಗೆ ಹಿಡಿಸಿತು. ಒಂದು ಆಜ್ಞೆ ಪೂರ್ತಿ ಮುಗಿಯಲಿ ಎಂದು ಪ್ರೊಸೆಸರ್ ಕಾಯುವುದಿಲ್ಲ. ಮೊದಲನೆಯದು ಅರ್ಧ ದಾರಿಯಲ್ಲಿರುವಾಗಲೇ ಎರಡನೆಯದನ್ನು ಹಿಂದೆ ಹೊರಡಿಸುತ್ತದೆ, ಅದರ ಹಿಂದೆ ಮೂರನೆಯದನ್ನು. ಮದುವೆಯ ಪಂಕ್ತಿಯಲ್ಲಿ ಪಲ್ಯದವನ ಹಿಂದೆ ಅನ್ನದವನು, ಅನ್ನದವನ ಹಿಂದೆ ಸಾರಿನವನು ಬಂದ ಹಾಗೆ. ಒಂದೇ ಎಚ್ಚರ ಬೇಕು. ಎರಡನೆಯದಕ್ಕೆ ಮೊದಲನೆಯದರ ಉತ್ತರ ಬೇಕಾಗಿದ್ದರೆ ಅದು ಬರುವ ತನಕ ತಡೆದು ನಿಲ್ಲಿಸಬೇಕು. ಅನ್ನ ಬೀಳುವ ಮೊದಲೇ ಸಾರಿನವನು ಬಗ್ಗಿಸಿದರೆ ಸಾರು ಎಲೆ ತುಂಬ ಹರಿಯುತ್ತದೆ.

ನೀತಾ ಇದರ ಮೇಲೊಂದು ಅಸೈನ್‌ಮೆಂಟ್ ಕೊಟ್ಟಳು. ಮಹದೇವಪ್ಪನವರೂ ಪೂರ್ವಾಳೂ ಕೂಡಿ ಚರ್ಚಿಸಿ ಬರೆದರು. ಕೂಡಿಯೇ ಒಂದು ಕಡೆ ತಡೆದು ನಿಲ್ಲಿಸುವುದನ್ನು ಮರೆತರು. ಹಾಳೆಗಳು ತಿರುಗಿ ಬಂದಾಗ ಪೂರ್ವಾಳ ಹಾಳೆಯಲ್ಲಿ ಆ ಸಾಲಿಗೆ ಕೆಂಪು ಗೀಟು ಬಿದ್ದು ಮಾರ್ಕ್ಸ್ ಹೋಗಿತ್ತು. ಮಹದೇವಪ್ಪನವರ ಹಾಳೆಯಲ್ಲಿ ಅದೇ ಸಾಲಿಗೆ ಸರಿ ಗುರುತು ಬಿದ್ದು ಪೂರ್ತಿ ಮಾರ್ಕ್ಸ್ ಬಂದಿತ್ತು.

ಅವರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಇಡೀ ಬದುಕಿನಲ್ಲಿ ಯಾರೂ ಅವರಿಗೆ ಇಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ. ಅಷ್ಟು ಮರ್ಯಾದೆಯಿಂದಂತೂ ಮಾಡಿರಲಿಲ್ಲ. ಕ್ಲಾಸು ಬಿಟ್ಟ ಮೇಲೆ ಕಾರಿಡಾರಿನಲ್ಲಿ ನೀತಾಳನ್ನು ತಡೆದರು.

“ಮೇಡಂ, ಇದರಾಗ ತಪ್ಪು ಅದ.”

ನೀತಾ ಹಾಳೆ ನೋಡಿದಳು, ನೋಡಿ ನೆಲ ನೋಡಿದಳು. “ಸಣ್ಣದ್ರಿ ಸರ್.”

“ಪೂರ್ವಾನ ಹಾಳ್ಯಾಗ ಅದ ದೊಡ್ಡದಾಗಿತ್ತಲ್ರಿ?”

“ಆಕಿ ಇನ್ನೂ ಕಲಿಯಾಕಿ ಸರ್.”

“ಮತ್ತ ನಾ ಇಲ್ಲಿ ಏನ್ ಮಾಡ್ಲಿಕತ್ತೀನಿ?”

ನೀತಾ ಪೆನ್ನು ತೆಗೆದು, ಗೋಡೆಗೆ ಹಾಳೆ ಒತ್ತಿ, ಮಾರ್ಕ್ಸ್ ಕಡಿಮೆ ಮಾಡಿ ಸಹಿ ಹಾಕಿಕೊಟ್ಟಳು. ಅವಳ ಕಣ್ಣಲ್ಲಿ ನೀರು ಬಂದಿತ್ತೋ ಏನೋ, ಮಹದೇವಪ್ಪನವರು ನೋಡಲಿಲ್ಲ. ಅವರು ಹಾಳೆ ನೋಡುತ್ತಿದ್ದರು.

ಅದು ಅಲ್ಲಿಗೆ ಮುಗಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಇಬ್ಬರು ಮಾಸ್ತರರು ಮರಾಠಿಯಲ್ಲಿ ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತು. ಅಂಗಡಿ ಸರ್ ಓದುವುದೆಲ್ಲ ತೋರಿಕೆಗೆ, ಪಾಸಂತೂ ಆದ ಹಾಗೇ ಲೆಕ್ಕ, ತನ್ನ ಸರ್‌ನ ಫೇಲ್ ಮಾಡುವ ಎದೆಗಾರಿಕೆ ನೀತಾಗೆ ಎಲ್ಲಿದೆ, ಪ್ರಿನ್ಸಿಪಾಲರೂ ‘ಹಿರಿಯರು, ಸ್ವಲ್ಪ ನೋಡಿಕೊಳ್ಳಿ’ ಎಂದಿದ್ದಾರೆ. ಮಹದೇವಪ್ಪನವರಿಗೆ ಪಾಸಾಗಬೇಕಿತ್ತು, ಅದರಲ್ಲಿ ಸುಳ್ಳಿಲ್ಲ. ಆಗದಿದ್ದರೆ ಮನೆಯ ಕಂತು, ಮಗಳ ಫೀ ಎಲ್ಲ ಮುಖ ನೋಡುತ್ತವೆ. ಆದರೆ ದಾನವಾಗಿ ಸಿಕ್ಕ ಪಾಸು ಇಟ್ಟುಕೊಂಡು ಮುಂದಿನ ವರ್ಷ ಯಾವ ಹುಡುಗನ ಉತ್ತರದ ಮೇಲೆ ಕೆಂಪು ಗೀಟು ಎಳೆಯುವುದು? ಅವತ್ತಿನಿಂದ ಅವರಿಗೆ ಪರೀಕ್ಷೆಯ ಭಯಕ್ಕಿಂತ ನೀತಾಳ ಒಳ್ಳೆಯತನದ ಭಯ ಹೆಚ್ಚಾಯಿತು.

ಏಪ್ರಿಲ್‌ನಲ್ಲಿ ಕೊನೆಯ ಕೆಲಸ ಬಂತು. ಪ್ರತಿಯೊಬ್ಬರೂ ಹಾರ್ಡ್‌ವೇರಿನ ಒಂದು ಭಾಗವನ್ನು ತಾವೇ ಯೋಚಿಸಿ, ಅದಕ್ಕೆಂದೇ ಇರುವ ಭಾಷೆಯಲ್ಲಿ ಬರೆದು, ಲ್ಯಾಬಿನ ಸರ್ಕ್ಯೂಟ್ ಬೋರ್ಡಿಗೆ ಇಳಿಸಿ ನಡೆಸಿ ತೋರಿಸಬೇಕು. ಮಹದೇವಪ್ಪನವರ ಪಾಲಿಗೆ ಬಂದದ್ದು ಕ್ಯೂ. ಯಂತ್ರದ ಒಂದು ಭಾಗ ಭರಭರನೆ ಅಕ್ಷರಗಳನ್ನು ಕಳಿಸುತ್ತದೆ, ಇನ್ನೊಂದು ನಿಧಾನವಾಗಿ ತೆಗೆದುಕೊಳ್ಳುತ್ತದೆ. ನಡುವೆ ಅವು ಕಾಯಲು ಒಂದು ಜಾಗ ಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ತುಂಬಿದಾಗ ‘ಇನ್ನು ಬೇಡ’ ಎನ್ನಬೇಕು, ಬರಿದಾದಾಗ ‘ಏನೂ ಇಲ್ಲ’ ಎನ್ನಬೇಕು. ಅಷ್ಟೇ.

ಮಹದೇವಪ್ಪನವರಿಗೆ ಇದು ಸಿಕ್ಕಿದ್ದಕ್ಕೆ ಬಹಳ ಸಂತೋಷವಾಯಿತು. ಕೊನೆಗೂ ತುಂಬುವ, ಬರಿದಾಗುವ ಒಂದು ವಸ್ತು! ಎಂಟು ಅಕ್ಷರಗಳ ಕ್ಯೂ ಕಟ್ಟಲು ಕೂತರು. ಮೊದಲು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಟಿ-ಸ್ಕ್ವೇರ್ ಹಿಡಿದು ನಕ್ಷೆ ಬರೆದರು. ಅಷ್ಟು ನೇರವಾದ ಗೆರೆಗಳನ್ನು ಆ ಲ್ಯಾಬು ಕಂಡಿರಲಿಲ್ಲ, ಹುಡುಗರು ಬಂದು ಫೋಟೋ ತೆಗೆದುಕೊಂಡರು. ಆಮೇಲೆ ಎರಡೇ ಬೆರಳಿನಲ್ಲಿ ಟೈಪ್ ಮಾಡಿದರು.

ಬರಿದಾಗುವ ಜಾಗಕ್ಕೆ ಬಂದಾಗ ಅವರು ಯೋಚಿಸಿದರು. ಯೋಚಿಸಿದರು ಎನ್ನುವುದೂ ಹೆಚ್ಚು. ಅವರ ಕೈ ತಾನೇ ಬರೆಯಿತು. ಬಾಯ್ಲರಿನಲ್ಲಿ ನೀರು ತಳ ಮುಟ್ಟಬಾರದು. ಮುಟ್ಟಿದರೆ ಲೋಹ ಕಾದು ಒಡೆಯುತ್ತದೆ, ಸುತ್ತಲಿದ್ದವರು ಹೋಗುತ್ತಾರೆ. ಒಂದು ಗೆರೆಯ ತನಕ ಇಳಿದರೆ ಸಾಕು, ಅದೇ ಬರಿದು ಎಂದು ತಿಳಿಯಬೇಕು. ಇದನ್ನು ಅವರು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಎರಡು ಸಲ ಅಡಿಗೆರೆ ಹಾಕುತ್ತಿದ್ದರು. ಅದಕ್ಕೂ ಹಿಂದೆ, ಅಪ್ಪನ ಅಂಗಡಿಯಲ್ಲಿ ಜೋಳದ ಚೀಲವನ್ನು ಯಾರೂ ಕೊಡವುತ್ತಿರಲಿಲ್ಲ. ತಳದಲ್ಲೊಂದು ಹಿಡಿ ಉಳಿದಿರಬೇಕು, ಹೊಸ ಚೀಲದ ಕಾಳು ಅದರ ಮೇಲೆ ಬೀಳಬೇಕು. ಇವತ್ತಿಗೂ ಮನೆಯಲ್ಲಿ ಹೆಂಡತಿ ವಿಶಾಲಮ್ಮ ಯಾವ ಡಬ್ಬಿಯನ್ನೂ ಪೂರ್ತಿ ಬಳಿಯುವುದಿಲ್ಲ. ಹೀಗಾಗಿ ಒಂದು ಅಕ್ಷರ ಉಳಿದಿರುವಾಗಲೇ ಮಹದೇವಪ್ಪನವರ ಕ್ಯೂ ‘ಏನೂ ಇಲ್ಲ’ ಎಂದು ಕೈ ಅಲ್ಲಾಡಿಸುವಂತೆ ಆಯಿತು.

ಪ್ರಾಕ್ಟೀಸಿನಲ್ಲಿ ಪೂರ್ವಾ ಅದನ್ನು ಕಂಡಳು. “ಸರ್, ಏಕ್ ರಾಹಿಲಾ,” ಒಂದು ಉಳಿದಿದೆ, ಎಂದು ಗಮ್ ಅಗಿಯುತ್ತ ಬೆರಳು ತೋರಿಸಿದಳು.

“ರಾಹೂ ದೇ,” ಎಂದರು ಅವರು. ಇರಲಿ ಬಿಡು. ಸಮಾಧಾನದಿಂದಲೇ ಎಂದರು. ಒಳಗೆ ಒಂದು ಉಳಿದಿದೆ ಎಂಬುದು ಅವರಿಗೆ ನೆಮ್ಮದಿ ಕೊಟ್ಟಿತ್ತು.

ಪರೀಕ್ಷೆಯ ದಿನ ಬಿಸಿಲು ಸುಡುತ್ತಿತ್ತು, ಎಸಿ ಕೆಟ್ಟಿತ್ತು. ನೀತಾ ಒಬ್ಬೊಬ್ಬರ ಬೋರ್ಡಿನ ಮುಂದೆ ಕೂತು ನೋಡುತ್ತ ಬಂದಳು. ಮಹದೇವಪ್ಪನವರ ಸರದಿ ಬಂದಾಗ ಅವರು ಷರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಥಿಯರಿ ಪೇಪರು ಚೆನ್ನಾಗಿ ಆಗಿತ್ತು. ಈಗ ಇದೊಂದು.

ನೀತಾ ಕೀಬೋರ್ಡಿನಲ್ಲಿ ಇಂಗ್ಲಿಷಿನ ಎಂಟು ಅಕ್ಷರಗಳಲ್ಲಿ ‘ತಳೇಗಾಂವ್’ ಎಂದು ಹಾಕಿದಳು. ತುಂಬಿದ ಕೂಡಲೇ ಕೆಂಪು ದೀಪ ಹತ್ತಿತು. ಚೆನ್ನ. ಆಮೇಲೆ ಒಂದೊಂದಾಗಿ ಹೊರಗೆ ತೆಗೆದಳು. ಪುಟ್ಟ ಪರದೆಯ ಮೇಲೆ ಅಕ್ಷರಗಳು ಶಿಸ್ತಿನಿಂದ ಮೂಡಿದವು. ಏಳನೆಯದು ಬಂದ ಮೇಲೆ ಹಸಿರು ದೀಪ ಹತ್ತಿ ‘ಏನೂ ಇಲ್ಲ’ ಎಂದಿತು. ನೀತಾ ಗುಂಡಿ ಮತ್ತೆ ಒತ್ತಿದಳು. ಇಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ. ಊರಿನ ಹೆಸರಿನ ಕೊನೆಯ ‘ಎನ್’ ಹೊರಗೆ ಬರಲೊಲ್ಲದು.

“ಸರ್, ಒಂದು ಒಳಗ ಉಳೀತಲ್ರಿ.”

“ಬೇಕಂತ್ಲೇ ಉಳಿಸೀನಿ ಮೇಡಂ,” ಎಂದರು ಮಹದೇವಪ್ಪನವರು. ಅವರ ದನಿಯಲ್ಲಿ ಇಪ್ಪತ್ತೆರಡು ವರ್ಷದ ಮಾಸ್ತರಿಕೆ ಇತ್ತು. “ತಳ ಕಾಣಬಾರ್ದು. ಬಾಯ್ಲರ್‌ನ್ಯಾಗೂ ಇದ ರೂಲ್, ಮನಿ ಡಬ್ಬ್ಯಾಗೂ ಇದ ರೂಲ್.”

ನೀತಾ ಮತ್ತೆ ಕೀಬೋರ್ಡು ಹಿಡಿದು, ಈ ಸಲ ‘ಪುಣೆ’ಯ ನಾಲ್ಕು ಅಕ್ಷರ ಹಾಕಿ ಹೊರಗೆ ತೆಗೆದಳು. ಪರದೆಯ ಮೇಲೆ ಮೊದಲು ತಳೇಗಾಂವಿನ ‘ಎನ್’ ಬಂತು, ಅದರ ಹಿಂದೆ ಬಾಲವಿಲ್ಲದ ಪುಣೆ ಬಂತು. ಪೂರ್ವಾ ಗಮ್ ಅಗಿಯುವುದನ್ನು ನಿಲ್ಲಿಸಿದಳು.

“ಸರ್, ಆ ಕೊನೇ ಅಕ್ಷರಕ್ಕ ಅಲ್ಲಿ ಯಾರೋ ಕಾಯ್ಲಿಕತ್ತಿದ್ರು,” ಎಂದಳು ನೀತಾ ಮೆಲ್ಲಗೆ. “ಅವರಿಗೆ ಅದು ಮುಟ್ಟಲಿಲ್ಲ. ಸಂಬಂಧ ಇಲ್ದವರ ಮಾತಿನ್ಯಾಗ ಹೋಗಿ ಬಿತ್ತು.”

ಮಹದೇವಪ್ಪನವರು ಪರದೆ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಎಲ್ಲ ತಿಳಿಯಿತು. ಇದರೊಳಗೆ ಬೆಂಕಿ ಇಲ್ಲ. ಬರಿದಾದರೆ ಒಡೆಯುವುದು ಏನೂ ಇಲ್ಲ. ಇದು ಕಾಳಲ್ಲ, ನೀರಲ್ಲ. ಒಬ್ಬರು ಇನ್ನೊಬ್ಬರಿಗೆ ಕಳಿಸಿದ್ದು. ಅದರಲ್ಲಿ ಒಂದನ್ನು ಅವರು ನಡುವೆ ನಿಂತು ಇಟ್ಟುಕೊಂಡಿದ್ದರು. ಆದರೂ ನೆಟ್ಟಗೆ ಕೂತೇ ಇದ್ದರು, ಯಾಕೆಂದರೆ ಹುಡುಗರು ನೋಡುತ್ತಿದ್ದರು.

ನೀತಾ ಪೆನ್ನು ಹಿಡಿದು ಸುಮಾರು ಹೊತ್ತು ಏನೂ ಬರೆಯಲಿಲ್ಲ. ಮಹದೇವಪ್ಪನವರಿಗೆ ಆ ಹೊತ್ತಿನಲ್ಲಿ ಎರಡು ಆಸೆಗಳಿದ್ದವು. ಅವಳು ಪಾಸ್ ಮಾಡಲಿ ಎಂಬುದು ಒಂದು, ಮಾಡದಿರಲಿ ಎಂಬುದು ಇನ್ನೊಂದು. ಯಾವುದು ದೊಡ್ಡದೆಂದು ಅವರನ್ನು ಕೇಳಿದ್ದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಆಮೇಲೆ ನೀತಾ ಬರೆದಳು, ಎದ್ದಳು, ಮುಂದಿನ ಬೋರ್ಡಿಗೆ ಹೋದಳು.

ಫಲಿತಾಂಶ ನೋಟೀಸ್ ಬೋರ್ಡಿಗೆ ಬಂದಾಗ ಇಡೀ ಎರಡನೇ ವರ್ಷದ ಲ್ಯಾಬಿನಲ್ಲಿ ಫೇಲಾದವರು ಒಬ್ಬರೇ.

ಕಾಲೇಜಿಗೆ ಅಂಥ ಗದ್ದಲ ಬೇಕೇ ಆಗಿತ್ತು. ನೀತಾಗೆ ಸರ್‌ನ ಫೇಲ್ ಮಾಡುವ ಎದೆಗಾರಿಕೆ ಇಲ್ಲ ಎಂದಿದ್ದ ಇಬ್ಬರು ಮಾಸ್ತರರೇ ಈಗ, ನೋಡಿ, ಡ್ರಾಯಿಂಗಿನ ಸೇಡು ತೀರಿಸಿಕೊಂಡಳು ಎಂದರು. ಹೆಣ್ಣುಮಗಳ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಎಂದು ಒಬ್ಬರು, ಗುರುದ್ರೋಹ ಎಂದು ಇನ್ನೊಬ್ಬರು. ಸ್ಟಾಫ್ ರೂಮಿನಲ್ಲಿ ನೀತಾಳ ಮೇಜಿನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಇವರೆಲ್ಲ ಮಹದೇವಪ್ಪನವರ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದರು ಎಂದು ಯಾರಾದರೂ ತಿಳಿದರೆ ಅದು ಹಾಗೆ ತಿಳಿದವರ ಒಳ್ಳೆಯತನ. ಈ ಮಾಸ್ತರರಲ್ಲಿ ಯಾರೂ ಮಹದೇವಪ್ಪನವರಿಗೆ ಎಂದೂ ಒಂದು ಕಪ್ ಚಹಾ ಕೊಡಿಸಿದ್ದಿಲ್ಲ.

ಪ್ರಿನ್ಸಿಪಾಲರು ಅವರನ್ನು ಕರೆಸಿದರು. ಕೆಲವೇ ಮಾರ್ಕ್ಸಿನ ಮಾತು ಸರ್, ನೀವು ಚಿಂತೆ ಮಾಡಬೇಡಿ, ಲ್ಯಾಬಿನ ಫೈಲನ್ನು ಬೇರೆಯವರಿಂದ ನೋಡಿಸಿ ಸರಿ ಮಾಡಿಸುತ್ತೇನೆ, ನೀವೊಂದು ಅರ್ಜಿ ಬರೆದುಕೊಡಿ ಸಾಕು ಎಂದರು. ಇಲ್ಲದಿದ್ದರೆ ಮೇ ಕೊನೆಯ ವಾರ ಮರುಪರೀಕ್ಷೆ, ಅದೂ ನೀತಾಳ ಮುಂದೆಯೇ, ಅದರಲ್ಲೂ ಹೋದರೆ ತಮ್ಮ ಕೈಯಲ್ಲಿ ಏನೂ ಇಲ್ಲ. ಮಹದೇವಪ್ಪನವರು ನೀರು ಕೇಳಿ ಕುಡಿದರು. ಬೇಡ ಎನ್ನಬೇಕೆಂದು ಬಾಯಿ ತೆರೆದರು, ನಾಳೆ ಹೇಳುತ್ತೇನೆ ಎಂದರು. ಮರುಪರೀಕ್ಷೆ ಎಂಬುದು ಮಾತಿಗೆ ಚೆನ್ನ. ಅದರಲ್ಲೂ ಹೋದರೆ ಏನು ಎಂಬುದು ಲೋಕಲ್ ಟ್ರೇನಿನ ಗದ್ದಲದಲ್ಲಿ ಅವರ ಪಕ್ಕದಲ್ಲೇ ಕೂತು ಬಂತು.

ವಿಶಾಲಮ್ಮ ಎಲ್ಲ ಕೇಳಿಸಿಕೊಂಡು ಚಹಾ ತಂದಿಟ್ಟರು. “ಅರ್ಜಿ ಬರದ್ ಕೊಟ್‌ಬಿಡ್ರಿ. ಯಾರ್ ನೋಡ್ತಾರ?”

“ಆಕಿ ನೋಡ್ತಾಳ.”

“ಯಾಕಿ?”

“ನೀತಾ. ಫೇಲ್ ಮಾಡೂದು ಎಷ್ಟು ಕಷ್ಟ ಅಂತ ನಿನಗ ಗೊತ್ತಿಲ್ಲ. ಆಕಿ ಕಷ್ಟಪಟ್ಟು ಮಾಡ್ಯಾಳ. ಈಗ ನಾ ಹಿಂದಿನ ಬಾಗಲದಿಂದ ಹೋಗಿ ಪಾಸಾದ್ರ ಆಕಿ ಸುಳ್ಳಾಗ್ತಾಳ.”

ವಿಶಾಲಮ್ಮ ಗಂಡನ ಮುಖ ನೋಡಿದರು. ಮದುವೆಯಾದಾಗಿನಿಂದ ಈ ಮನುಷ್ಯ ಯಾರೊಬ್ಬರ ಕಷ್ಟದ ಬಗ್ಗೆ ಇಷ್ಟು ಉದ್ದ ಮಾತಾಡಿದ್ದು ಅವರಿಗೆ ನೆನಪಿರಲಿಲ್ಲ. “ಹಂಗಾರ ಬ್ಯಾಡ ಅನ್ರಿ,” ಎಂದರು. “ಮತ್ತ ಈ ಸಲನಾದ್ರೂ ಬರೋಬ್ಬರಿ ಓದ್ರಿ. ಚಹಾ ಆರ್ತದ.”

ಮರುದಿನ ಅವರು ಪ್ರಿನ್ಸಿಪಾಲರಿಗೆ ಬೇಡ ಎಂದು ಹೇಳಿ, ನೆಟ್ಟಗೆ ಸ್ಟಾಫ್ ರೂಮಿಗೆ ಬಂದರು. ಊಟದ ಹೊತ್ತು, ರೂಮು ತುಂಬಿತ್ತು. ಖಾಲಿ ಕುರ್ಚಿಗಳ ನಡುವೆ ನೀತಾ ಡಬ್ಬಿ ತೆಗೆಯದೆ ಕೂತಿದ್ದಳು. ಮಹದೇವಪ್ಪನವರು ಫೇಲಾದ ಫೈಲನ್ನು ಎದೆಗವಚಿಕೊಂಡು, ಹುಡುಗರು ನಿಲ್ಲುವ ಹಾಗೆ ಅವಳ ಮೇಜಿನ ಮುಂದೆ ನಿಂತರು. ಎಲ್ಲರಿಗೂ ಕೇಳುವ ದನಿಯಲ್ಲಿ, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ, ಮೇಡಂ, ಒಂದು ಡೌಟ್ ಇತ್ತು ಎಂದರು.

ಚಪಾತಿ ಮುರಿಯುತ್ತಿದ್ದ ಕೈಗಳು ನಿಂತವು. ನೀತಾ ಪಕ್ಕದ ಕುರ್ಚಿ ಎಳೆದಳು. ಅವರು ಕೂತರು. ಆಮೇಲೆ ಮಾತು ಕನ್ನಡಕ್ಕೆ ಇಳಿಯಿತು.

“ನಿಮಗ ಸಿಟ್ಟು ಬಂದಿಲ್ಲೇನ್ರಿ ಸರ್?”

“ಭಾಳ ಬಂದದ,” ಎಂದರು ಮಹದೇವಪ್ಪನವರು ಫೈಲು ಬಿಚ್ಚುತ್ತ. “ಆದ್ರ ಈ ಡೌಟಿಗೂ ಅದಕ್ಕೂ ಸಂಬಂಧ ಇಲ್ಲ. ಇಲ್ನೋಡ್ರಿ. ಎಲ್ಲಾ ಹೊರಗ ಕೊಟ್ಟು ಪೂರ್ತಿ ಬರಿದಾತು ಅಂತ ತಿಳೀರಿ. ಆಮ್ಯಾಲ ಯಾರರ ತಗೊಳ್ಳಿಕ್ಕೆ ಬಂದ್ರ ಏನ್ ಮಾಡೂದು?”

“ಇಲ್ಲ ಅನಬೇಕ್ರಿ ಸರ್. ಅಷ್ಟ.”

“ಇಲ್ಲ ಅನ್ನೂದು ಅಂಗಡಿಯವರಿಗೆ ಭಾಳ ತ್ರಾಸದ ಮಾತು ಮೇಡಂ.”

“ಟೀಚರಿಗೂ,” ಎಂದಳು ನೀತಾ. ಎಂದು ಡಬ್ಬಿ ತೆಗೆದಳು.

ಅಲ್ಲಿಂದ ಮೇ ಕೊನೆಯ ತನಕ ಅವರು ದಿನಾ ಊಟದ ಹೊತ್ತಿಗೆ ಡೌಟು ತಂದರು. ಡೌಟು ಇಲ್ಲದ ದಿನವೂ ಒಂದನ್ನು ಹುಟ್ಟಿಸಿಕೊಂಡು ತಂದರು. ಸ್ಟಾಫ್ ರೂಮಿನವರಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಬೇಸರವಾಯಿತು, ಕೊನೆಗೆ ಖಾಲಿ ಕುರ್ಚಿಗಳಿಗೆ ತಾವೇ ವಾಪಸು ಬಂದು ಕೂತರು, ಯಾಕೆಂದರೆ ಫ್ಯಾನು ಇದ್ದದ್ದು ಆ ಕಡೆ. ಹಳೆಯ ನಕ್ಷೆಯನ್ನು ಮಹದೇವಪ್ಪನವರು ಹರಿದು ಹಾಕಿ ಹೊಸದಾಗಿ ಬರೆದರು. ಈ ಸಲ ಒಳಗೆ ಎಷ್ಟಿವೆ ಎಂದು ಎಣಿಸಲು ಬೇರೆಯೇ ಒಂದು ಭಾಗ ಕಟ್ಟಿದರು. ಎಣಿಕೆ ಸೊನ್ನೆಗೆ ಬಂದಾಗ ಮಾತ್ರ ಬರಿದು. ಮೊದಲ ಸಲ ಎಂಟೂ ಹೊರಗೆ ಬಂದು ಕ್ಯೂ ಪೂರ್ತಿ ಖಾಲಿಯಾದಾಗ ಅವರು ಅರಿಯದೆ ಕುರ್ಚಿ ಹಿಂದಕ್ಕೆ ಸರಿಸಿದರು. ಏನೂ ಒಡೆಯಲಿಲ್ಲ.

ಮರುಪರೀಕ್ಷೆಯ ದಿನ ಲ್ಯಾಬಿನಲ್ಲಿ ಇದ್ದವರು ಇಬ್ಬರೇ. ರಜೆ ಶುರುವಾಗಿತ್ತು, ಹುಡುಗರೆಲ್ಲ ಊರಿಗೆ ಹೋಗಿದ್ದರು. ನೀತಾ ಬೋರ್ಡಿನ ಮುಂದೆ ಕೂತು ಶುರು ಮಾಡಿದಳು. ತುಂಬಿಸಿದಳು, ಬರಿದು ಮಾಡಿದಳು. ತುಂಬಿದ್ದಕ್ಕೆ ಇನ್ನೂ ಒಂದು ತುರುಕಲು ನೋಡಿದಳು. ಕ್ಯೂ ಬೇಡ ಎಂದಿತು. ಬರಿದಾದದ್ದರಿಂದ ಇನ್ನೂ ಒಂದು ಎಳೆಯಲು ನೋಡಿದಳು, ಇಲ್ಲ ಎಂದಿತು. ಗಡಿಯಾರದ ಒಂದೇ ಬಡಿತಕ್ಕೆ ಹಾಕುವುದು ತೆಗೆಯುವುದು ಎರಡನ್ನೂ ಮಾಡಿದಳು. ಅರ್ಧ ತುಂಬಿದಾಗ ನಡುವೆ ರಿಸೆಟ್ ಒತ್ತಿದಳು. ಎರಡು ಬೆರಳಿಂದ ಎರಡು ಗುಂಡಿಗಳನ್ನು ಪಟಪಟನೆ ಬಡಿದಳು. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಎದುರಿಗೆ ಯಾರು ಕೂತಿದ್ದಾರೆ ಎಂಬುದನ್ನೇ ಮರೆತು ತಪ್ಪು ಹುಡುಕಿದಳು.

ಮಹದೇವಪ್ಪನವರು ಕೈಕಟ್ಟಿ ಕೂತು ಬೋರ್ಡು ನೋಡಲಿಲ್ಲ, ಅವಳ ಹುಬ್ಬು ನೋಡಿದರು. ಅವಳು ಪೂರ್ತಿ ಮನಸ್ಸಿಟ್ಟು ತಮ್ಮನ್ನು ಫೇಲ್ ಮಾಡಲು ನೋಡುತ್ತಿದ್ದಾಳೆ ಎಂಬುದು ಅವರಿಗೆ ಕಂಡಿತು. ಆ ಸೆಮಿಸ್ಟರಿನಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು.

ಕೊನೆಗೆ ನೀತಾ ಕೀಬೋರ್ಡು ಬಿಟ್ಟು ಹಿಂದಕ್ಕೆ ಒರಗಿದಳು. ಅವಳ ದನಿಯಲ್ಲಿ ಸಣ್ಣ ನಿರಾಸೆಯಿತ್ತು.

“ತಪ್ಪು ಸಿಗವಲ್ದ್ರಿ ಸರ್.”

“ಇನ್ನೊಮ್ಮೆ ನೋಡ್ರಿ,” ಎಂದರು ಮಹದೇವಪ್ಪನವರು.

ನೀತಾ ಇನ್ನೊಮ್ಮೆ ನೋಡಿದಳು.